ಒಂದೇ ರನ್‌ವೇ, ಎರಡು ಕಾನೂನು: ಸೇನಾ ವಿಮಾನ ಬಿದ್ದಾಗ ತನಿಖೆ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮ ಮನೆ ಬೀದರಿನ ಚಿದ್ರಿ ಕಡೆ ಇದೆ. ವಾಯುನೆಲೆಯ ತರಬೇತಿ ವಿಮಾನಗಳು ತಲೆಯ ಮೇಲೆಯೇ ಹಾರುತ್ತವೆ. ನನ್ನ ತಮ್ಮನ ಮಗ ವಾಯುಪಡೆಯಲ್ಲಿ ವಿಮಾನ ನಿರ್ವಹಣೆಯ ತಂತ್ರಜ್ಞನಾಗಿದ್ದಾನೆ. ಎಲ್ಲಿ ಸೇನಾ ವಿಮಾನ ಬಿದ್ದರೂ ‘ಕೋರ್ಟ್ ಆಫ್ ಇನ್‌ಕ್ವೈರಿಗೆ ಆದೇಶಿಸಲಾಗಿದೆ’ ಎಂಬ ಒಂದು ಸಾಲು ಪತ್ರಿಕೆಯಲ್ಲಿ ಬರುತ್ತದೆ, ಆಮೇಲೆ ಸುದ್ದಿಯೇ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಿಮ್ರಾಡ್ ಎಂಬ ವಿಮಾನದ ದುರಂತವನ್ನು ಹೊರಗಿನ ವಕೀಲರೊಬ್ಬರಿಂದ ವಿಚಾರಣೆ ಮಾಡಿಸಿದರೆಂದು ಓದಿದೆ. ಅದರಿಂದ ನಿಜವಾಗಿ ಏನಾಯಿತು? ನಮ್ಮಲ್ಲಿ ಅಂಥದ್ದು ಸಾಧ್ಯವೇ? ಹೀಗೆ ಕೇಳುವುದು ನಮ್ಮ ಸೈನಿಕರ ಮೇಲೆ ಅಪನಂಬಿಕೆ ತೋರಿಸಿದಂತೆ ಆಗುವುದಿಲ್ಲವೇ?
— ನಿವೃತ್ತ ಶಿಕ್ಷಕಿ, ಬೀದರ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಆ ಅಳುಕು ಹೋಗದೆ ಉಳಿದದ್ದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ವಿಮಾನದಲ್ಲಿ ಕುಳಿತು ಹಾರುವವರು ಸೈನಿಕರು, ಅದರ ಒಂದೊಂದು ಬೋಲ್ಟ್ ಬಿಗಿದು ಸಹಿ ಹಾಕುವ ನಿಮ್ಮ ತಮ್ಮನ ಮಗನೂ ಸೈನಿಕ. ದುರಂತದ ಕಾರಣ ಮುಚ್ಚಿಹೋದರೆ ಅದರ ಬೆಲೆಯನ್ನು ಮುಂದಿನ ಸಲ ತೆರುವವರು ಅವರೇ. ವಿಮಾನಗಳ ಗುಣಮಟ್ಟ ಪರಿಶೀಲನೆಯಲ್ಲಿ ವೃತ್ತಿಜೀವನವನ್ನೆಲ್ಲ ಕಳೆದ ನನಗೆ ಈ ವಿಷಯದಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ನೀವು ಕೇಳುತ್ತಿರುವುದು ಅವರ ಪರವಾಗಿಯೇ.

ನಿಮ್ಮ ಮನೆಯ ಹತ್ತಿರದ ಆ ರನ್‌ವೇಯನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಬೀದರ್ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನಡುವೆ ನಿಂತು ಮತ್ತೆ ಶುರುವಾದರೂ, ಪ್ರಯಾಣಿಕರ ವಿಮಾನಗಳು ಬಂದಿಳಿಯುವುದು ವಾಯುಪಡೆಯ ಅದೇ ಪಟ್ಟಿಯ ಮೇಲೆ. ನಾಳೆ ಅಲ್ಲಿ ಪ್ರಯಾಣಿಕರ ವಿಮಾನವೊಂದು ಅಪಘಾತಕ್ಕೀಡಾದರೆ ವಿಮಾನ ಅಪಘಾತ ತನಿಖಾ ಬ್ಯೂರೋ ಬರುತ್ತದೆ. 2012ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ 30 ದಿನಗಳೊಳಗೆ ಪ್ರಾಥಮಿಕ ವರದಿ ಕೊಡಬೇಕು, ಸಾಧ್ಯವಾದರೆ 12 ತಿಂಗಳೊಳಗೆ ಅಂತಿಮ ವರದಿಯನ್ನು ಪ್ರಕಟಿಸಬೇಕು. ತನಿಖೆಯ ಏಕೈಕ ಉದ್ದೇಶ ಇನ್ನೊಂದು ಅಪಘಾತವನ್ನು ತಡೆಯುವುದು, ತಪ್ಪು ಹೊರಿಸುವುದು ಅದರ ಕೆಲಸವಲ್ಲ ಎಂದು ಆ ನಿಯಮದಲ್ಲೇ ಬರೆದಿದೆ. ಅದೇ ಜಾಗದಲ್ಲಿ ಬಿದ್ದದ್ದು ಹಾಕ್ ತರಬೇತಿ ವಿಮಾನವಾದರೆ ಇದಾವುದೂ ಅನ್ವಯಿಸುವುದಿಲ್ಲ. 1944ರ ಷಿಕಾಗೊ ಒಪ್ಪಂದದ 3ನೇ ವಿಧಿ ಸೇನಾ ವಿಮಾನಗಳನ್ನು ಹೊರಗಿಟ್ಟಿದೆ. ಆಗ ನಡೆಯುವುದು 1950ರ ವಾಯುಪಡೆ ಕಾಯ್ದೆಯಡಿಯ ಕೋರ್ಟ್ ಆಫ್ ಇನ್‌ಕ್ವೈರಿ. ಅದರಲ್ಲಿ ಕೂರುವವರು ಸೇವೆಯಲ್ಲಿರುವ ಅಧಿಕಾರಿಗಳು. ವರದಿ ಮೇಲಧಿಕಾರಿಗಳಿಗೆ ಹೋಗುತ್ತದೆ, ಅಲ್ಲಿಯೇ ಉಳಿಯುತ್ತದೆ.

ನಾಗರಿಕ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಆ ಬ್ಯೂರೋ ಕೂಡ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ, ಅದರ ಸ್ವಾತಂತ್ರ್ಯದ ಬಗ್ಗೆ ಟೀಕೆಗಳಿವೆ. ಆದರೆ ವರದಿ ಜನರ ಕೈಗೆ ಬರುತ್ತದೆ. ತಪ್ಪಿದ್ದರೆ ಇನ್ನೊಬ್ಬ ಎಂಜಿನಿಯರ್ ಅದನ್ನು ಎತ್ತಿ ತೋರಿಸಬಹುದು. 2006ರ ಮಾರ್ಚ್‌ನಲ್ಲಿ ಬೀದರ್ ಬಳಿ ವಾಯುಪಡೆಯ ಪ್ರದರ್ಶನ ಹಾರಾಟದ ಸೂರ್ಯಕಿರಣ ತಂಡದ ಕಿರಣ್ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರ ಜನವರಿಯಲ್ಲಿ ಅದೇ ತಂಡದ ಇನ್ನೊಬ್ಬರು ಇಲ್ಲಿಯೇ ಪ್ರಾಣ ಕಳೆದುಕೊಂಡರು. ಆ ಸದ್ದು ಕೇಳಿದ, ಹೊಗೆ ನೋಡಿದ ನಿಮ್ಮೂರಿನ ಜನರಿಗೆ ಕಾರಣವನ್ನು ಓದಿ ತಿಳಿಯುವ ದಾರಿ ಇರಲಿಲ್ಲ.

ಕೋರ್ಟ್ ಆಫ್ ಇನ್‌ಕ್ವೈರಿ ಎಂದರೆ ಕಣ್ಣೊರೆಸುವ ತಂತ್ರ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ಕೊಳವೆ ಸೋರಿತು, ಎಂಜಿನ್ನಿನ ಯಾವ ಅಲಗು ಮುರಿಯಿತು, ಕೊನೆಯ ಕ್ಷಣಗಳಲ್ಲಿ ಎತ್ತರ ಎಷ್ಟಿತ್ತು ಎಂಬುದನ್ನು ಕಂಡುಹಿಡಿಯಲು ಆ ವಿಮಾನವನ್ನು ಹಾರಿಸಿದವರು, ಬಿಚ್ಚಿ ಜೋಡಿಸಿದವರು ಬೇಕೇ ಬೇಕು. ಅವರು ಬೇಗ ಸ್ಥಳಕ್ಕೆ ಬರುತ್ತಾರೆ, ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಕಷ್ಟ ಶುರುವಾಗುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಆ ಕೊಳವೆ ಸೋರಬಹುದು ಎಂದು ಮೊದಲೇ ಯಾರಿಗೆ ಗೊತ್ತಿತ್ತು? ಪರವಾಗಿಲ್ಲ ಎಂದು ಸಹಿ ಹಾಕಿದವರು ಯಾರು? ಬಿಡಿಭಾಗಕ್ಕೆ ಹಣವಿಲ್ಲ ಎಂದು ತಡೆದ ಕಡತ ಯಾವ ಮೇಜಿನಿಂದ ಬಂತು? ಒಬ್ಬ ಗ್ರೂಪ್ ಕ್ಯಾಪ್ಟನ್, ಎಷ್ಟೇ ಪ್ರಾಮಾಣಿಕನಾಗಿರಲಿ, ತನಗಿಂತ ಬಹಳ ಮೇಲಿನ ಏರ್ ಮಾರ್ಷಲರನ್ನೂ ಸಚಿವಾಲಯದ ಕಾರ್ಯದರ್ಶಿಯನ್ನೂ ಎದುರಿಗೆ ಕೂರಿಸಿಕೊಂಡು ಇದನ್ನು ಕೇಳಲಾರ. ಕೇಳಲು ಅವನಿಗೆ ಅಧಿಕಾರವೇ ಇಲ್ಲ.

ನಿಮ್ರಾಡ್ ವಿಚಾರಣೆ ಮುಖ್ಯವಾಗುವುದು ಇಲ್ಲಿಯೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

2006ರ ಸೆಪ್ಟೆಂಬರ್ 2ರಂದು ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ಎಕ್ಸ್‌ವಿ230 ಅಫ್ಗಾನಿಸ್ತಾನದ ಕಂದಹಾರ್ ಬಳಿ ಹಾರುತ್ತಿತ್ತು. ಆಕಾಶದಲ್ಲೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಬೆಂಕಿ ಕಾಣಿಸಿಕೊಂಡಿತು. ಕೆಲವೇ ನಿಮಿಷಗಳಲ್ಲಿ ವಿಮಾನ ಸಿಡಿದು 14 ಮಂದಿಯೂ ಸತ್ತರು. ವಾಯುಪಡೆಯದೇ ತನಿಖಾ ಮಂಡಳಿ 2007ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಸೋರಿದ ಇಂಧನ ಅತಿ ಬಿಸಿಗಾಳಿಯ ಕೊಳವೆಗೆ ತಗುಲಿ ಹೊತ್ತಿಕೊಂಡಿರಬೇಕು ಎಂದು ಅದು ಹೇಳಿತು. ಬೆಂಕಿ ಹುಟ್ಟಿದ ಆ ಸಂದಿಯಲ್ಲಿ ಬೆಂಕಿಯನ್ನು ಪತ್ತೆಹಚ್ಚುವ ಸಾಧನವೂ ಇರಲಿಲ್ಲ, ಆರಿಸುವ ವ್ಯವಸ್ಥೆಯೂ ಇರಲಿಲ್ಲ. ಸಿಬ್ಬಂದಿ ಏನು ಮಾಡಿದ್ದರೂ ಬದುಕುವಂತಿರಲಿಲ್ಲ. ಆಂತರಿಕ ಮಂಡಳಿಯೇ ಇಷ್ಟನ್ನು ಕಂಡುಹಿಡಿದಿತ್ತು ಎಂಬುದನ್ನು ನೆನಪಿಡಿ.

ಆಗ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿ, ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ಹಿರಿಯ ವಕೀಲರಿಗೆ ಸ್ವತಂತ್ರ ಪರಿಶೀಲನೆ ಒಪ್ಪಿಸಿದರು. ಅವರು ಕೊಳವೆಯಿಂದ ಹಿಂದಕ್ಕೆ ಹೊರಟು 1960ರ ದಶಕದವರೆಗೆ ಹೋದರು. ನಿಮ್ರಾಡ್ ಹುಟ್ಟಿದ್ದು ಕಾಮೆಟ್ ಎಂಬ ಪ್ರಯಾಣಿಕರ ವಿಮಾನದ ವಿನ್ಯಾಸದಿಂದ. 1969ರಲ್ಲಿ ಸೇವೆಗೆ ಬಂದಾಗಲೇ ಬಿಸಿಗಾಳಿಯ ಅಡ್ಡಕೊಳವೆ ಇಂಧನ ಟ್ಯಾಂಕಿನ ಪಕ್ಕದಲ್ಲಿತ್ತು. 1979ರ ಸುಮಾರಿಗೆ ತಂಪುಗೊಳಿಸುವ ಹೆಚ್ಚುವರಿ ಉಪಕರಣಕ್ಕಾಗಿ ಅದೇ ಜಾಗಕ್ಕೆ ಇನ್ನೊಂದು ಬಿಸಿ ಕೊಳವೆ ಬಂತು. 1982ರ ಫಾಕ್‌ಲ್ಯಾಂಡ್ ಯುದ್ಧದ ತುರ್ತಿನಲ್ಲಿ ಆಕಾಶದಲ್ಲೇ ಇಂಧನ ತುಂಬಿಸುವ ಏರ್ಪಾಟು ಮಾಡಿದರು, ಆಮೇಲೆ ಅದೇ ಕಾಯಂ ಆಯಿತು. ಪ್ರತಿಯೊಂದು ಬದಲಾವಣೆಗೂ ಅದರದೇ ಕಾರಣವಿತ್ತು. ಮೂರೂ ಒಂದೇ ಸಂದಿಯಲ್ಲಿ ಸೇರಿದಾಗ ಏನಾಗಬಹುದೆಂದು ಯಾರೂ ಕೂತು ಯೋಚಿಸಲಿಲ್ಲ.

ಯೋಚಿಸುವುದಕ್ಕೆಂದೇ ಒಂದು ಅವಕಾಶ ಬಂದಿತ್ತು, ನನ್ನಂಥವರಿಗೆ ಅತ್ಯಂತ ನೋವು ಕೊಡುವ ಭಾಗ ಅದೇ. 2001ರಿಂದ 2005ರ ನಡುವೆ ನಿಮ್ರಾಡ್‌ಗೆ ‘ಸುರಕ್ಷತಾ ದಾಖಲೆ’ ತಯಾರಿಸುವ ಕೆಲಸ ನಡೆಯಿತು. ವಿಮಾನದ ಎಲ್ಲ ಅಪಾಯಗಳನ್ನೂ ಪಟ್ಟಿ ಮಾಡಿ, ಒಂದೊಂದನ್ನೂ ಅಳೆದು, ಪರಿಹರಿಸಿ ಮುಚ್ಚಬೇಕಾದ ದಾಖಲೆ ಅದು. ತಯಾರಿಸಿದ್ದು ಬಿಎಇ ಸಿಸ್ಟಮ್ಸ್ ಕಂಪನಿ, ಸ್ವತಂತ್ರ ಸಲಹೆಗಾರನಾಗಿ ನಿಂತದ್ದು ಕಿನೆಟಿಕ್, ಒಪ್ಪಿಕೊಂಡದ್ದು ರಕ್ಷಣಾ ಸಚಿವಾಲಯದ ತಂಡ. ಹ್ಯಾಡನ್-ಕೇವ್ ತೆಗೆದು ನೋಡಿದಾಗ ಶೇ 40ಕ್ಕೂ ಹೆಚ್ಚು ಅಪಾಯಗಳು ಇನ್ನೂ ತೆರೆದೇ ಇದ್ದವು, ಸುಮಾರು ಶೇ 30ರಷ್ಟನ್ನು ವರ್ಗೀಕರಿಸಿಯೇ ಇರಲಿಲ್ಲ. ಮೂವತ್ತು ವರ್ಷ ಹಾರಿದ ವಿಮಾನ, ಹೇಗಿದ್ದರೂ ಸುರಕ್ಷಿತವೇ ಎಂಬ ನಂಬಿಕೆ ಎಲ್ಲರನ್ನೂ ಆವರಿಸಿತ್ತು. ಮೂವತ್ತು ಮಳೆಗಾಲ ಒಡೆಯಲಿಲ್ಲವೆಂದು ಕೆರೆಯ ಏರಿಯನ್ನು ನೋಡದೆಯೇ ಗಟ್ಟಿ ಎಂದು ಬರೆದುಕೊಟ್ಟ ಹಾಗಾಯಿತು. ಕಾಗದದ ಕೆಲಸ ಮುಗಿಯಿತು, ಕೊಳವೆ ಇದ್ದಲ್ಲಿಯೇ ಇತ್ತು. ಆ ದಾಖಲೆಯನ್ನು ಸರಿಯಾಗಿ ಮಾಡಿದ್ದರೆ ಈ ದುರಂತವನ್ನು ತಪ್ಪಿಸಬಹುದಿತ್ತು ಎಂಬುದು ಅವರ ತೀರ್ಮಾನ.

ಇನ್ನೂ ಮೇಲಕ್ಕೆ ಹೋಗಿ, 1998ರ ರಕ್ಷಣಾ ಪರಾಮರ್ಶೆಯ ನಂತರ ಸಾಗಣೆ ಮತ್ತು ನಿರ್ವಹಣಾ ವಿಭಾಗದ ಮೇಲೆ ಶೇ 20ರಷ್ಟು ವೆಚ್ಚ ಕಡಿತದ ಗುರಿ ಹೇರಿದ್ದನ್ನೂ, ಅದರಿಂದ ಹಾರಾಟ ಯೋಗ್ಯತೆಯ ಮೇಲಿನ ಗಮನ ಬೇರೆಡೆ ಸರಿದದ್ದನ್ನೂ ಅವರು ದಾಖಲಿಸಿದರು. 2009ರ ಅಕ್ಟೋಬರ್ 28ರಂದು ಪ್ರಕಟವಾದ ಆ ವರದಿ ಎರಡು ಸಂಸ್ಥೆಗಳನ್ನೂ ಹತ್ತು ಮಂದಿಯನ್ನೂ ಹೆಸರಿಸಿ ಟೀಕಿಸಿತು. ಅವರಲ್ಲಿ ಉನ್ನತ ಸೇನಾಧಿಕಾರಿಗಳಿದ್ದರು. ಇದಕ್ಕೆ ಮುನ್ನ, 2008ರ ಮೇ ತಿಂಗಳಲ್ಲಿ, ಮರಣ ವಿಚಾರಣೆ ನಡೆಸಿದ ಕರೋನರ್ ಈ ವಿಮಾನ ಎಂದೂ ಹಾರಾಟಕ್ಕೆ ಯೋಗ್ಯವಾಗಿರಲಿಲ್ಲ ಎಂದು ಹೇಳಿದ್ದರು. ಸರ್ಕಾರ ಅದನ್ನು ಒಪ್ಪದೆ ವಿಮಾನಗಳನ್ನು ಹಾರಿಸುತ್ತಲೇ ಇತ್ತು. ಸತ್ತವರ ಕುಟುಂಬದವರು ಆ ಮೂರು ವರ್ಷಗಳಲ್ಲಿ ಪಟ್ಟು ಬಿಡದಿದ್ದರಿಂದಲೇ ಇಷ್ಟು ಹೊರಬಂತು.

ಫಲವೇನು ಎಂದು ಕೇಳಿದ್ದೀರಿ. 2010ರ ಏಪ್ರಿಲ್ 1ರಂದು ಸೇನಾ ವಿಮಾನಯಾನ ಪ್ರಾಧಿಕಾರ ಎಂಬ ಹೊಸ ಸಂಸ್ಥೆ ಹುಟ್ಟಿತು. ವಿಮಾನ ಹಾರಿಸುವ ಅಧಿಕಾರಿಗಳ ಸರಪಳಿಯಿಂದ ಅದನ್ನು ಬೇರ್ಪಡಿಸಿದರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು: ಪ್ರತಿ ವಿಮಾನದ ಪ್ರಾಣಾಪಾಯಕ್ಕೆ ಹೊಣೆಯಾದ ಒಬ್ಬ ವ್ಯಕ್ತಿಯ ಹೆಸರು ಇರಬೇಕೆಂಬ ನಿಯಮ. ಸಮಿತಿ, ಇಲಾಖೆ, ಕಂಪನಿ ಎಂದು ನುಣುಚಿಕೊಳ್ಳುವಂತಿಲ್ಲ. ಈ ಅಪಾಯವನ್ನು ನಾನು ತಿಳಿದು ಒಪ್ಪಿದ್ದೇನೆ ಎಂದು ಹೆಸರಿರುವ ಮನುಷ್ಯನೇ ಸಹಿ ಹಾಕಬೇಕು.

ಅದಾದ ಮೇಲೂ ಅಲ್ಲಿ ಸಾವುಗಳು ನಿಂತಿಲ್ಲ. 2011ರ ನವೆಂಬರ್ 8ರಂದು ರೆಡ್ ಆರೋಸ್ ಪ್ರದರ್ಶನ ತಂಡದ ಹಾಕ್ ಟಿ-1 ನೆಲದ ಮೇಲೆ ನಿಂತಿದ್ದಾಗಲೇ ಎಜೆಕ್ಷನ್ ಸೀಟ್ (ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನ) ಸಿಡಿದು ಪೈಲಟ್ ಮೇಲಕ್ಕೆ ಎಸೆಯಲ್ಪಟ್ಟರು. ಒಂದು ಬೋಲ್ಟ್ ಅತಿಯಾಗಿ ಬಿಗಿದಿದ್ದರಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ತನಿಖಾ ವರದಿ ಸಾರ್ವಜನಿಕವಾಯಿತು, ಸೀಟ್ ತಯಾರಿಸಿದ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, 2018ರಲ್ಲಿ 11 ಲಕ್ಷ ಪೌಂಡ್ ದಂಡ ಬಿತ್ತು. ನಿಮ್ಮ ತಲೆಯ ಮೇಲೆ ಹಾರುವ ಹಾಕ್ ಅದೇ ಕುಟುಂಬದ ಹೊಸ ಮಾದರಿ. ಒಂದು ದೇಶದ ವರದಿ ಬಹಿರಂಗವಾದರೆ ಅದೇ ಬಗೆಯ ವಿಮಾನದ ಕೆಳಗೆ ಕೆಲಸ ಮಾಡುವ ಇನ್ನೊಂದು ದೇಶದ ತಂತ್ರಜ್ಞನೂ ಬೋಲ್ಟನ್ನು ಇನ್ನೊಮ್ಮೆ ನೋಡುತ್ತಾನೆ. ವರದಿಯನ್ನು ಬೀಗ ಹಾಕಿ ಇಟ್ಟರೆ ಆಗುವ ನಷ್ಟ ಇದು.

ಪೈಲಟ್ ತಪ್ಪು ಎಂಬ ಮಾತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 1994ರ ಜೂನ್ 2ರಂದು ಸ್ಕಾಟ್ಲೆಂಡಿನ ಮಲ್ ಆಫ್ ಕಿಂಟೈರ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್ ಗುಡ್ಡಕ್ಕೆ ಅಪ್ಪಳಿಸಿ 29 ಮಂದಿ ಸತ್ತರು. ತನಿಖಾ ಮಂಡಳಿ ಪೈಲಟ್‌ಗಳನ್ನು ನಿರ್ಲಕ್ಷ್ಯದ ಅಪರಾಧಿಗಳೆಂದು ಹೇಳಿರಲಿಲ್ಲ. ವರದಿ ಪರಿಶೀಲಿಸಿದ ಇಬ್ಬರು ಏರ್ ಮಾರ್ಷಲರು ಅವರದ್ದು ನಿರ್ಲಕ್ಷ್ಯವೇ ಎಂದು ತೀರ್ಮಾನಿಸಿದರು. ಸತ್ತವರ ಮೇಲೆ ನಿರ್ಲಕ್ಷ್ಯ ಹೊರಿಸಬೇಕಾದರೆ ಕಿಂಚಿತ್ತೂ ಸಂದೇಹ ಇರಬಾರದೆಂದು ಅವರದೇ ನಿಯಮ ಹೇಳುತ್ತಿತ್ತು. ಆ ಕಳಂಕ ತೊಡೆದುಹೋಗಲು 2011ರ ಜುಲೈವರೆಗೆ, ಲಾರ್ಡ್ ಫಿಲಿಪ್ ಅವರ ಸ್ವತಂತ್ರ ಪರಿಶೀಲನೆಯವರೆಗೆ, ಕುಟುಂಬಗಳು ಕಾಯಬೇಕಾಯಿತು. ನಮ್ಮಲ್ಲೂ ತನಿಖೆಯಿಂದ ಹೆಸರಿಗೆ ಧಕ್ಕೆ ಬರುವ ಅಧಿಕಾರಿಗೆ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕಿದೆ. ಸತ್ತ ಪೈಲಟ್ ಆ ಹಕ್ಕನ್ನು ಹೇಗೆ ಚಲಾಯಿಸಬೇಕು? ಅವನ ಪರವಾಗಿ ಕೂರಲು ಒಬ್ಬರು ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

2021ರ ಡಿಸೆಂಬರ್ 8ರ ಕೂನೂರು ಹೆಲಿಕಾಪ್ಟರ್ ದುರಂತವನ್ನೇ ನೋಡಿ. ಜನರಲ್ ಬಿಪಿನ್ ರಾವತ್ ಅವರೂ ಸೇರಿ 14 ಮಂದಿ ತೀರಿಕೊಂಡರು. ಮೂರೂ ಪಡೆಗಳ ತನಿಖೆ ನಡೆಯಿತು. ಕಣಿವೆಯಲ್ಲಿ ಹವಾಮಾನ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು, ಯಂತ್ರದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಯಾವುದೂ ಇಲ್ಲ ಎಂದು 2022ರ ಜನವರಿಯಲ್ಲಿ ವಾಯುಪಡೆ ತಿಳಿಸಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯಲ್ಲಿ ಅದೇ ಅಪಘಾತದ ಮುಂದೆ ಕಾರಣವೆಂದು ಇದ್ದದ್ದು ‘ವಿಮಾನ ಸಿಬ್ಬಂದಿಯ ಮಾನವ ದೋಷ’ ಎಂಬಷ್ಟೇ ಮಾತು. ಎರಡೂ ತಾಂತ್ರಿಕವಾಗಿ ಹೊಂದುತ್ತವೆ ಎಂದು ವಾದಿಸಬಹುದು. ಆದರೆ ಆ ಎತ್ತರದಲ್ಲಿ, ಆ ಹವಾಮಾನದಲ್ಲಿ, ಆ ಮಾರ್ಗದಲ್ಲಿ ಹಾರುವ ನಿರ್ಧಾರಕ್ಕೆ ಯಾವ ಮಾಹಿತಿ ಲಭ್ಯವಿತ್ತು, ನೆಲಕ್ಕೆ ಅಪ್ಪಳಿಸುವ ಮೊದಲು ಎಚ್ಚರಿಸುವ ಸಾಧನ ಇತ್ತೇ ಎಂಬುದು ಪೂರ್ಣ ವರದಿ ಓದಿದರಲ್ಲದೆ ತಿಳಿಯದು. ಮಾನವ ದೋಷ ಎಂಬಲ್ಲಿಗೆ ತನಿಖೆ ನಿಲ್ಲಬಾರದು, ಅಲ್ಲಿಂದಲೇ ಮುಂದುವರಿಯಬೇಕು.

ನಮ್ಮಲ್ಲಿ ಸಾಧ್ಯವೇ ಎಂದರೆ, ಅರ್ಧದಾರಿ ನಾವು ಹಿಂದೆಯೇ ನಡೆದಿದ್ದೇವೆ, ಅದರ ಗುರುತು ನಿಮ್ಮೂರಿನಲ್ಲೇ ಇದೆ. ಯುದ್ಧವಿಮಾನಗಳು ಮೇಲಿಂದ ಮೇಲೆ ಬೀಳುತ್ತಿದ್ದಾಗ ಏರ್ ಮಾರ್ಷಲ್ ಡೆನಿಸ್ ಲಾ ಫೊಂಟೇನ್ ಅವರ ಸಮಿತಿ 1982ರಲ್ಲಿ ಒಂದು ಮುಖ್ಯ ಶಿಫಾರಸು ಮಾಡಿತು: ಹೊಸ ಪೈಲಟ್‌ಗಳು ನಿಧಾನದ ತರಬೇತಿ ವಿಮಾನದಿಂದ ನೇರವಾಗಿ ಮಿಗ್-21ಕ್ಕೆ ಹೋಗುವುದು ಅಪಾಯ, ನಡುವೆ ಸುಧಾರಿತ ಜೆಟ್ ತರಬೇತಿ ವಿಮಾನ ಬೇಕು. 1997ರಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದ ಸಮಿತಿಯೂ ಯುದ್ಧವಿಮಾನ ಅಪಘಾತಗಳನ್ನು ಅಧ್ಯಯನ ಮಾಡಿತು. ಹಾಕ್ ಖರೀದಿಯ ಒಪ್ಪಂದ ಆದದ್ದು 2004ರಲ್ಲಿ. ಅದು ಬೀದರ್ ವಾಯುನೆಲೆಯಲ್ಲಿ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ನಿಮ್ಮ ಮನೆಯ ಮೇಲೆ ಕೇಳುವ ಆ ಸದ್ದಿನ ಹಿಂದೆ ಇಪ್ಪತ್ತಾರು ವರ್ಷ ಕಾದ ಒಂದು ಶಿಫಾರಸು ಇದೆ. ಆ ಇಪ್ಪತ್ತಾರು ವರ್ಷಗಳಲ್ಲಿ ಸತ್ತ ಎಳೆಯ ಪೈಲಟ್‌ಗಳನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ. ಸಮಿತಿ ತನ್ನ ಕೆಲಸ ಮಾಡಿತ್ತು. ಶಿಫಾರಸು ಏಕೆ ಜಾರಿಯಾಗಲಿಲ್ಲ ಎಂದು ಪ್ರತಿ ವರ್ಷ ಎದ್ದು ನಿಂತು ಕೇಳುವ ಕಾಯಂ ಸಂಸ್ಥೆ ಮಾತ್ರ ಇರಲಿಲ್ಲ.

ಇಂದೂ ಇಲ್ಲ. ಸೇನಾ ವಿಮಾನಗಳ ಹಾರಾಟ ಯೋಗ್ಯತೆ ಪ್ರಮಾಣೀಕರಿಸುವ ಸೆಮಿಲಾಕ್ ಬೆಂಗಳೂರಿನಲ್ಲಿದೆ, ಅದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಅಡಿಯಲ್ಲಿದೆ. ಗುಣಮಟ್ಟ ನೋಡುವ ಡಿಜಿಎಕ್ಯುಎ ರಕ್ಷಣಾ ಉತ್ಪಾದನಾ ಇಲಾಖೆಗೆ ಸೇರಿದ್ದು, ವಿಮಾನ ತಯಾರಿಸುವ ಎಚ್‌ಎಎಲ್ ಕೂಡ ಅದೇ ಇಲಾಖೆಗೆ ಸೇರಿದ್ದು. ಹಾರಾಟ ಸುರಕ್ಷತೆಯ ಮಹಾನಿರ್ದೇಶನಾಲಯ ವಾಯುಪಡೆಯ ಮುಖ್ಯ ಕಚೇರಿಯೊಳಗಿದೆ. ಇವುಗಳಲ್ಲಿ ಬಹಳ ಒಳ್ಳೆಯ ಎಂಜಿನಿಯರ್‌ಗಳಿದ್ದಾರೆ, ಅವರ ಜೊತೆ ಕೆಲಸ ಮಾಡಿದ್ದೇನೆ. ಆದರೆ ಎಲ್ಲರ ಕಡತಗಳೂ ಕೊನೆಗೆ ಒಂದೇ ಸಚಿವಾಲಯಕ್ಕೆ ಹೋಗುತ್ತವೆ. ಸಚಿವಾಲಯದ್ದೇ ತಪ್ಪಿದ್ದರೆ ಹೇಳುವವರು ಯಾರು? ಸಂಸತ್ತಿಗೆ ನೇರವಾಗಿ ವರದಿ ಕೊಡುವ, ಮೂರೂ ಪಡೆಗಳ ಜೊತೆಗೆ ಕರಾವಳಿ ಕಾವಲು ಪಡೆಯ ವಿಮಾನಗಳನ್ನೂ ಒಳಗೊಳ್ಳುವ ಒಂದು ಕಾಯಂ ಪ್ರಾಧಿಕಾರ ಬೇಕು ಎಂಬುದು ನನ್ನ ವಾದ. ಕೋರ್ಟ್ ಆಫ್ ಇನ್‌ಕ್ವೈರಿ ಇರಲಿ, ತಾಂತ್ರಿಕ ಕಾರಣವನ್ನು ಅದೇ ಹುಡುಕಲಿ. ಅದರ ಮುಂದೆ ತಂತ್ರಜ್ಞರು ಹೆದರದೆ ಹೇಳಿದ ಮಾತುಗಳನ್ನು ಗೋಪ್ಯವಾಗಿಯೇ ಇಡಬೇಕು, ಇಲ್ಲವಾದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ತೀರ್ಮಾನವನ್ನೂ ಶಿಫಾರಸುಗಳನ್ನೂ ಪ್ರಕಟಿಸಬೇಕು.

ಗುಟ್ಟು ಶತ್ರುವಿಗೆ ಸಿಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ರಾಡಾರ್, ಆಯುಧ, ಕಾರ್ಯಾಚರಣೆಯ ವಿವರಗಳನ್ನು ಮಸಿ ಬಳಿದು ಮುಚ್ಚಿ ವರದಿ ಪ್ರಕಟಿಸುವುದು ಬ್ರಿಟನ್ನಿನಲ್ಲಿ ವಾಡಿಕೆಯಾಗಿದೆ. ಅಮೆರಿಕದ ಸಂಸತ್ತು ನೇಮಿಸಿದ ಆಯೋಗ 2020ರಲ್ಲಿ ಕೊಟ್ಟ ವರದಿಯಲ್ಲಿ, 2013ರಿಂದ 2018ರ ನಡುವೆ ಯುದ್ಧವಲ್ಲದ ಅವಘಡಗಳಲ್ಲಿ 198 ಮಂದಿ ಸತ್ತು 157 ವಿಮಾನಗಳು ನಾಶವಾದವೆಂದು ಬಹಿರಂಗವಾಗಿಯೇ ಬರೆದಿದೆ. ಅದರಿಂದ ಅವರ ವಾಯುಬಲ ಕುಂದಿಲ್ಲ.

ಈಗ ನಿಮ್ಮ ತಮ್ಮನ ಮಗನ ವಿಷಯ. ದೋಷ ಕಂಡರೆ ಬಾಯಿಮಾತಿನಲ್ಲಿ ಬಿಡದೆ ನಿಗದಿತ ನಮೂನೆಯಲ್ಲಿ ಬರೆಯಲು ಹೇಳಿ. ಬಿಡಿಭಾಗ ಇಲ್ಲದೆ ಕೆಲಸವನ್ನು ಮುಂದೂಡಿದರೆ ಯಾರ ಅನುಮತಿಯಿಂದ ಮುಂದೂಡಲಾಯಿತು ಎಂಬುದು ದಾಖಲೆಯಲ್ಲಿ ಇರಲಿ. ನೋಡದೆ ಸಹಿ ಹಾಕಬಾರದು, ಹಾಕಲು ಒತ್ತಾಯ ಬಂದರೆ ಅದನ್ನೂ ತನ್ನ ಮೇಲಿನ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು. ಸುರಕ್ಷಿತ ಯಂತ್ರ ಸೈನಿಕನ ಹಕ್ಕು ಎಂಬುದನ್ನು ನ್ಯಾಯಾಲಯವೂ ಒಪ್ಪಿದೆ. 2005ರ ಜನವರಿಯಲ್ಲಿ ಮಿಗ್-21 ಅಪಘಾತದಲ್ಲಿ ಗಾಯಗೊಂಡು ಮತ್ತೆ ಯುದ್ಧವಿಮಾನ ಹಾರಿಸಲಾಗದ ಪೈಲಟ್ ಒಬ್ಬರ ಅರ್ಜಿಯಲ್ಲಿ ದೆಹಲಿ ಹೈಕೋರ್ಟ್ 2017ರಲ್ಲಿ ಒಟ್ಟು 55 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅದರಲ್ಲಿ ದೊಡ್ಡ ಪಾಲನ್ನು ಎಚ್‌ಎಎಲ್ ಕೊಡಬೇಕೆಂದು ಹೇಳಿತು.

ನಿಮ್ಮ ಕೈಯಲ್ಲಿರುವ ದಾರಿಯೂ ಒಂದಿದೆ. ಪೂರ್ತಿ ತನಿಖಾ ವರದಿ ಕೇಳಿ ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಕಾಯ್ದೆಯ 8ನೇ ಕಲಮಿನ ಭದ್ರತಾ ವಿನಾಯಿತಿ ತೋರಿಸಿ ತಿರಸ್ಕರಿಸುವ ಸಾಧ್ಯತೆ ಹೆಚ್ಚು. ಅದರ ಬದಲು ಕಳೆದ ಹತ್ತು ವರ್ಷಗಳ ತನಿಖೆಗಳಿಂದ ಒಟ್ಟು ಎಷ್ಟು ಶಿಫಾರಸುಗಳು ಬಂದವು, ಎಷ್ಟು ಜಾರಿಯಾದವು, ಉಳಿದವು ಎಷ್ಟು ಕಾಲದಿಂದ ಬಾಕಿ ಇವೆ ಎಂದಷ್ಟೇ ಕೇಳಿ. ಇದರಲ್ಲಿ ಯಾವ ರಹಸ್ಯವೂ ಇಲ್ಲ. ಅದೇ ಪ್ರಶ್ನೆಯನ್ನು ನಿಮ್ಮ ಸಂಸದರಿಗೂ ಬರೆದು ಕಳಿಸಿ, ಲೋಕಸಭೆಯಲ್ಲಿ ಲಿಖಿತ ಉತ್ತರ ಬರುವಂತೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿರೆಂದು ಸ್ಪಷ್ಟವಾಗಿ ಬರೆಯಿರಿ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುನ್ಸೂಚನೆ ಬೇಕು. ಹಾಗಾಗಿ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪತ್ರ ಕಳಿಸಿ.